ಗೆಳೆತನವೂ ಜ್ಞಾನ ತಂದೆತಾಯಿಯರ ಹೊಣೆಯೂ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ದೇವಾಲಯಕ್ಕೆ ನೂರು ವರ್ಷ ತುಂಬುವ ಹಬ್ಬವೆಂದರೆ ಊರು ಬಿಟ್ಟವರೆಲ್ಲ ಮರಳಿ ಕೂಡುವ ಹಬ್ಬ. ನಮ್ಮೊಡನೆ ಕಾಲೇಜಿನಲ್ಲಿ ಓದಿದ ಹಲವು ಗೆಳೆಯರು ಇಂದು ಇಲ್ಲಿದ್ದಾರೆ. ತಲೆ ನರೆತಿದೆ, ಮಾತು ಮಾತ್ರ ಹಾಸ್ಟೆಲಿನ ದಿನಗಳದ್ದೇ. ನಿನ್ನೆಯ ಊಟದ ವೇಳೆ ಒಬ್ಬ ಮಿತ್ರರು ಮತ್ತೊಬ್ಬರನ್ನು ಕೇಳಿದರು: "ನನ್ನ ಮಗಳಿಗೆ ನೀನೇ ಜ್ಞಾನ ತಂದೆ. ಅವಳ ಹೆಸರೇನು, ಹೇಳು ನೋಡೋಣ?" ಎಲ್ಲರೂ ನಕ್ಕರು. ಉತ್ತರ ಮಾತ್ರ ಬರಲಿಲ್ಲ. ಆ ಪ್ರಶ್ನೆಯನ್ನೇ ಇಂದು ತಮ್ಮ ಮುಂದೆ ವಿಚಾರಕ್ಕೆ ಇಡುತ್ತೇನೆ.

ನಾನಿರುವ ಚಂದಾಪುರದಲ್ಲಾಗಲಿ, ಚಿಂಚೋಳಿ, ಸೇಡಂ, ವಾಡಿ, ಶಹಾಬಾದಿನಲ್ಲಾಗಲಿ ಕಥೋಲಿಕ ಮನೆಗಳು ವಿರಳ. ಉದ್ಯೋಗಕ್ಕೆಂದು ಬಂದವರಿಗೆ ಬಂಧುಗಳು ದೂರ. ಆದುದರಿಂದ ಮಗುವಿನ ಜ್ಞಾನಸ್ನಾನಕ್ಕೆ ಗೆಳೆಯರನ್ನು ಕರೆಯುತ್ತೇವೆ. ಇದರಲ್ಲಿ ತಪ್ಪಿಲ್ಲ, ಜ್ಞಾನ ತಂದೆತಾಯಿ ರಕ್ತಸಂಬಂಧಿಗಳೇ ಆಗಿರಬೇಕೆಂದು ಶ್ರೀಸಭೆ ವಿಧಿಸಿಲ್ಲ. ಆದರೆ ಗೆಳೆಯನಿಗೆ ಸಲ್ಲಿಸಿದ ಮರ್ಯಾದೆ ಎಂದಷ್ಟೇ ಭಾವಿಸಿದರೆ ಸಂಸ್ಕಾರದ ಅರ್ಥ ಕುಂದುತ್ತದೆ. ಕರೆದವನು ಗೆಳೆಯ, ಮಾತು ಕೊಟ್ಟದ್ದು ದೇವರ ಮುಂದೆ, ಅದರ ಫಲ ಸಲ್ಲಬೇಕಾದದ್ದು ಮಗುವಿಗೆ.

ಈ ಹೊಣೆ ಇಂದು ನಿನ್ನೆಯದಲ್ಲ. ಕ್ರಿ.ಶ. 200ರ ಸುಮಾರಿಗೆ ಉತ್ತರ ಆಫ್ರಿಕದ ತೆರ್ತುಲ್ಲಿಯನನು ಎಳೆಯ ಮಕ್ಕಳ ಜ್ಞಾನಸ್ನಾನವನ್ನು ತಡೆದು ಕೊಡುವುದೇ ಲೇಸೆಂದು ಬರೆದನು. ಅವರ ಪರವಾಗಿ ಮಾತು ಕೊಟ್ಟವರು ಅದನ್ನು ನಡೆಸಿಕೊಡುವ ಮೊದಲೇ ಸಾಯಬಹುದು ಎಂಬುದು ಅವನ ಕಾರಣಗಳಲ್ಲೊಂದು. ಶ್ರೀಸಭೆ ಆ ಸಲಹೆಯನ್ನು ಒಪ್ಪಲಿಲ್ಲ. ಮಾತಿನ ಭಾರವನ್ನು ಮಾತ್ರ ಹಗುರಗೊಳಿಸಲಿಲ್ಲ. 1917ರ ಧರ್ಮಸಂಹಿತೆಯ ಪ್ರಕಾರ ಜ್ಞಾನ ತಂದೆತಾಯಿಗೂ ಆ ಮಗುವಿಗೂ ಮುಂದೆ ವಿವಾಹ ಸಲ್ಲದಾಗಿತ್ತು. ಅವರ ನಡುವೆ ಆತ್ಮಿಕ ಬಾಂಧವ್ಯ ಹುಟ್ಟಿತೆಂದೇ ಎಣಿಕೆ. ಲತೀನ್ ಶ್ರೀಸಭೆಯ 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. ಪೌರ್ವಾತ್ಯ ಸಭೆಗಳ 1990ರ ಸಂಹಿತೆಯಲ್ಲಿ ಅದು ಉಳಿದಿದೆ.

1983ರ ಸಂಹಿತೆಯ ಪ್ರಕಾರ ಒಬ್ಬರೇ ಸಾಕು. ಇಬ್ಬರಿದ್ದರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ದೃಢೀಕರಣವನ್ನೂ ಪರಮಪ್ರಸಾದವನ್ನೂ ಪಡೆದ ಕಥೋಲಿಕರಾಗಿ, ಈ ಹೊಣೆಗೆ ತಕ್ಕ ವಿಶ್ವಾಸದ ಬಾಳನ್ನು ನಡೆಸುತ್ತಿರಬೇಕು. ಹೆತ್ತವರೇ ಆಗುವಂತಿಲ್ಲ. ನಮ್ಮ ಸೀಮೆಯಲ್ಲಿ ಅನೇಕರಿಗೆ ಮೆಥಡಿಸ್ಟ್ ಗೆಳೆಯರಿದ್ದಾರೆ. ಅವರು ಕಥೋಲಿಕ ಜ್ಞಾನ ತಂದೆ ಅಥವಾ ತಾಯಿಯ ಜೊತೆಗೆ ಸಾಕ್ಷಿಗಳಾಗಿ ನಿಲ್ಲಬಹುದು. ಅವರನ್ನು ಹೊರಗೆ ನಿಲ್ಲಿಸಬೇಕಾಗಿಲ್ಲ.

ಬೆಳ್ಳಿಯ ಕಾಲ್ಗೆಜ್ಜೆ, ಹೊಸ ಅಂಗಿ ತರುವುದು ಪ್ರೀತಿಯ ಗುರುತು, ತರಲಿ. ಮಗು ವಿಶ್ವಾಸದಲ್ಲಿ ಬೆಳೆಯಲು ಹೆತ್ತವರ ಜೊತೆ ನಿಲ್ಲುವುದೇ ನಿಜವಾದ ಕೆಲಸ. ಪಾಸ್ಕ ದೀಪದಿಂದ ಮಗುವಿನ ಮೇಣದ ಬತ್ತಿಯನ್ನು ಹೊತ್ತಿಸುವ ಕೈ ಎಷ್ಟೋ ವೇಳೆ ಜ್ಞಾನ ತಂದೆಯದು. ಆ ದೀಪವನ್ನು ಆರದಂತೆ ಕಾಯಬೇಕೆಂದು ಗುರುಗಳು ಆಗಲೇ ಹೇಳುತ್ತಾರೆ. ದೂರದಲ್ಲಿದ್ದೇವೆಂಬುದು ಇದಕ್ಕೆ ಅಡ್ಡಿಯಾಗಲಾರದು. ಜ್ಞಾನಸ್ನಾನದ ದಿನ ಬಂದಾಗ ಒಂದು ಕಾಗದ, ಒಂದು ಫೋನು. ಮೊದಲ ಪರಮಪ್ರಸಾದದ ದಿನ ಪಕ್ಕದಲ್ಲಿ ಹಾಜರಿ. ದೃಢೀಕರಣಕ್ಕೆ ಸಾಧ್ಯವಾದರೆ ಮತ್ತೆ ಅದೇ ವ್ಯಕ್ತಿ. ದಿನವೂ ಒಂದು ಪ್ರಾರ್ಥನೆ. ಹರೆಯದ ಮಕ್ಕಳು ಅಪ್ಪ ಅಮ್ಮನಿಗೆ ಹೇಳಲಾರದ ಸಂಶಯವನ್ನು ಇಂಥ ಹಿರಿಯರಿಗೆ ಹೇಳಿಕೊಳ್ಳಬಲ್ಲರು. ಆದರೆ ಆ ಹಿರಿಯರ ಪರಿಚಯವಿದ್ದರೆ ಮಾತ್ರ.

ಹೆತ್ತವರಲ್ಲಿಯೂ ಒಂದು ವಿನಂತಿ. ಗೆಳೆಯನ ಹುದ್ದೆಯನ್ನು ನೋಡಿ ಕರೆಯಬೇಡಿ. ಅವನ ಬಾಳನ್ನು ನೋಡಿ ಕರೆಯಿರಿ. ಕರೆದ ಮೇಲೆ ಮಗುವಿಗೆ ಅವನ ಗುರುತು ಉಳಿಯುವಂತೆ ಮಾಡಿರಿ.

ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ, ಹೆತ್ತವರ ಹೆಸರುಗಳ ಜೊತೆಗೆ ಜ್ಞಾನ ತಂದೆತಾಯಿಯರ ಹೆಸರನ್ನೂ ಬರೆಯಲಾಗುತ್ತದೆ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಕೆಲವೇ ವರ್ಷವಿತ್ತು. ಈ ಪುಸ್ತಕದಿಂದ ಅದು ಅಳಿಯುವುದಿಲ್ಲ. ಮಿತ್ರರೇ, ಹಬ್ಬ ಮುಗಿಸಿ ಊರಿಗೆ ಹೊರಡುವ ಮುನ್ನ ನಿಮ್ಮ ಜ್ಞಾನ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿರಿ, ವಿಳಾಸ ಬರೆದುಕೊಳ್ಳಿರಿ, ಇಲ್ಲಿದ್ದರೆ ಹೋಗಿ ಮಾತನಾಡಿಸಿರಿ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.