ಹೊರಡುವ ಮುನ್ನ ತಟ್ಟಬೇಕಾದ ಬಾಗಿಲು
(ಜುಮಾ ಪ್ರವಚನದ ಸಾರಾಂಶ)



ಹಜ್ ವಿಮಾನಗಳು ಹೊರಡುವ ದಿನಗಳಲ್ಲಿ ತಿರುಮೇನಹಳ್ಳಿಯ ಹಜ್ ಭವನದ ಮುಂದೆ ಒಮ್ಮೆ ನಿಂತು ನೋಡಿ. ದಾವಣಗೆರೆ, ಶಿವಮೊಗ್ಗ, ಕೋಲಾರದಿಂದ ಜನ ಬಂದಿರುತ್ತಾರೆ. ಹೋಗುವವರು ಇಬ್ಬರು, ಕಳಿಸಿಕೊಡಲು ಬಂದವರು ಇಪ್ಪತ್ತು. ಅಲ್ಲಿಂದ ದೇವನಹಳ್ಳಿ ನಿಲ್ದಾಣ, ವಿಮಾನ ಹತ್ತಿದರೆ ಸುಮಾರು ಆರು ಗಂಟೆಯಲ್ಲಿ ಜಿದ್ದಾ. ಸಂಜೆ ಹೊತ್ತು ಹೆಬ್ಬಾಳ ದಾಟುವುದಕ್ಕಿಂತ ಸಮುದ್ರ ದಾಟುವುದು ಸುಲಭ ಎಂದು ನಮ್ಮ ಹುಡುಗರು ನಗುತ್ತಾರೆ.

2008ರ ಮೇ 24ರಂದು ಆ ನಿಲ್ದಾಣ ತೆರೆದ ಮೇಲೆ ಊರಾಚೆ ಎನಿಸಿಕೊಂಡಿದ್ದ ನಮ್ಮ ಈ ಕಡೆಯೇ ಹೊರಲೋಕದ ಹೆಬ್ಬಾಗಿಲಾಯಿತು.

ನಮ್ಮ ಅಜ್ಜಂದಿರಿಗೆ ಹೀಗಿರಲಿಲ್ಲ. ರೈಲಿನಲ್ಲಿ ಬೊಂಬಾಯಿ, ಅಲ್ಲಿ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆಯಲ್ಲಿ ಕಾಯುವುದು, ಆಮೇಲೆ ಹಡಗು. ಒಂದು ವಾರಕ್ಕೂ ಮಿಕ್ಕಿ ನೀರಿನ ಮೇಲೆ. 1995ರಲ್ಲಿ ಆ ಹಡಗುಯಾನ ನಿಂತಿತು. ಹೋದವರ ಸುದ್ದಿ ಕಾಗದ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಮರಳಿ ಬರುವ ಖಾತ್ರಿ ಇಲ್ಲದ್ದರಿಂದ ಅವರು ತಿಂಗಳ ಮೊದಲೇ ಮನೆ ಮನೆಗೆ ಹೋಗುತ್ತಿದ್ದರು. ಸಾಲ ತೀರಿಸುತ್ತಿದ್ದರು. ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಬಾಗಿಲನ್ನೂ ತಟ್ಟುತ್ತಿದ್ದರು. ಅಲ್ಲಾಹನು ತನ್ನ ಹಕ್ಕನ್ನು ಮನ್ನಿಸಿಯಾನು; ದಾಸನ ಹಕ್ಕನ್ನು ಆ ದಾಸನೇ ಮನ್ನಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ನಮಾಝ್, ಉಪವಾಸಗಳೊಂದಿಗೆ ಬಂದೂ ಅನ್ಯರನ್ನು ನಿಂದಿಸಿದ, ಅನ್ಯರ ಹಣ ತಿಂದ ಕಾರಣಕ್ಕೆ ಪರಲೋಕದಲ್ಲಿ ದಿವಾಳಿಯಾಗುವವನ ಕುರಿತು ಪ್ರವಾದಿಯವರು(ಸ) ಎಚ್ಚರಿಸಿದ್ದನ್ನು ನೀವೂ ಕೇಳಿದ್ದೀರಿ.

ಈಗ? ‘ತಪ್ಪಾಗಿದ್ದರೆ ಮಾಫ್ ಮಾಡಿ’ ಎಂದು ಒಂದು ವಾಟ್ಸಾಪ್ ಸಂದೇಶ. ಒಂದೇ ಒತ್ತಿಗೆ ಮುನ್ನೂರು ಜನರಿಗೆ.

ಬೇರೆಯವರ ಮಾತೇಕೆ, ಕೆಲವು ವರ್ಷಗಳ ಹಿಂದೆ ಉಮ್ರಾಕ್ಕೆ ಹೊರಟಾಗ ನಾನೂ ಅದನ್ನೇ ಕಳಿಸಿದೆ. ಮದೀನಾದಲ್ಲಿ ಪ್ರವಾದಿ ಮಸೀದಿಯ ಅಂಗಳದ ದೊಡ್ಡ ಕೊಡೆಗಳನ್ನು ವಿಡಿಯೋ ಕರೆಯಲ್ಲಿ ಮಗಳಿಗೆ ತೋರಿಸುತ್ತಿದ್ದೆ. ಅವಳು ನನ್ನ ಜುಬ್ಬಾ ಚೆನ್ನಾಗಿದೆ ಎಂದಳು. ಥಟ್ಟನೆ ನೆನಪಾಯಿತು: ಅದನ್ನು ಹೊಲಿದ ದರ್ಜಿಗೆ ಏಳುನೂರು ರೂಪಾಯಿ ಬಾಕಿ. ಬಟ್ಟೆ ತಡವಾಯಿತೆಂದು ಅವರನ್ನು ಗದರಿಸಿಯೂ ಇದ್ದೆ. ಅವರ ಬಳಿ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ದುಬೈ, ರಿಯಾದ್‌ಗೆಲ್ಲ ತಲುಪಿದ ನನ್ನ ಕ್ಷಮೆ ಆರ್.ಟಿ. ನಗರದಲ್ಲೇ ಎರಡು ಗಲ್ಲಿ ಆಚೆಗೆ ತಲುಪಿರಲಿಲ್ಲ.

ಮರಳಿ ಬಂದು ಖರ್ಜೂರ, ಝಮ್‌ಝಮ್ ಹಿಡಿದು ಹೋದರೆ ಅಂಗಡಿಗೆ ಬೀಗ. ಕಣ್ಣು ಮಂಜಾಗಿ ಕೆಲಸ ಬಿಟ್ಟು ಗೌರಿಬಿದನೂರಿನ ಕಡೆ ಮಗಳ ಮನೆಗೆ ಹೋಗಿದ್ದಾರೆ ಎಂದರು ಪಕ್ಕದವರು. ಒಂದು ಭಾನುವಾರ ಯಲಹಂಕದಲ್ಲಿ ರೈಲು ಹತ್ತಿದೆ. ವಿಳಾಸ ಹುಡುಕುವಷ್ಟರಲ್ಲಿ ಮಧ್ಯಾಹ್ನ. ಅವರು ಚಹಾ ಕೊಟ್ಟರು, ಹಣ ಎಣಿಸಿ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: “ಹಣದ ಲೆಕ್ಕ ಮುಗಿಯಿತು ಹಜ್ರತ್. ಆದರೆ ಆ ಮಾತನ್ನು ನೀವು ನಾಲ್ಕು ಜನರೆದುರು ಆಡಿದ್ದಿರಿ.”

ಆ ನಾಲ್ವರಲ್ಲಿ ಇಬ್ಬರು ಇಂದು ಈ ಸಾಲಿನಲ್ಲೇ ಕುಳಿತಿದ್ದೀರಿ. ಬಟ್ಟೆ ತಡವಾದದ್ದು ಅವರ ತಪ್ಪಲ್ಲ. ಅಳತೆ ಕೊಡಲು ಹತ್ತು ದಿನ ತಡ ಮಾಡಿದವನು ನಾನು.