ತಂದೆತಾಯಿ ಕಬ್ಬಿನ ಕಟಾವಿಗೆ ಹೋದಾಗ



ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಂತಹ ಮಳೆ ಕಡಿಮೆಯಾದ ಸೀಮೆಯಲ್ಲಿ ದಸರಾ-ದೀಪಾವಳಿಯ ವೇಳೆಗೆ ಅನೇಕ ಮನೆಗಳಲ್ಲಿ ವೃದ್ಧರು ಮತ್ತು ಮಕ್ಕಳು ಮಾತ್ರ ಉಳಿಯುತ್ತಾರೆ. ಮುಕಾದಮನಿಂದ ಮುಂಗಡ ಪಡೆದ ದಂಪತಿಗಳು ಕಬ್ಬಿನ ಕಟಾವಿಗೆ ತೆರಳುತ್ತಾರೆ. ಸಕ್ಕರೆ ಕಾರ್ಖಾನೆಯ ಹಂಗಾಮು ಮುಗಿಯುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ಹೀಗಾಗಿ ಶಾಲಾವರ್ಷದ ದ್ವಿತೀಯ ಸತ್ರದ ಬಹುಭಾಗವನ್ನು ಮಗು ತಂದೆತಾಯಿಯಿಲ್ಲದೆ ಕಳೆಯುತ್ತದೆ.

ಈ ಮಗುವಿನ ದುಃಖ ಕಣ್ಣೀರಾಗಿಯೇ ತೋರಬೇಕೆಂದಿಲ್ಲ. ತರಗತಿಯಲ್ಲಿ ತೂಕಡಿಕೆ, ಪದೇ ಪದೇ ಹೊಟ್ಟೆನೋವು, ಸಣ್ಣ ಮಾತಿಗೆ ಜಗಳ, ಬರೆಯದೆ ಉಳಿದ ಮನೆಪಾಠ: ಇವೆಲ್ಲ ಅದರ ರೂಪಗಳಾಗಿರಬಹುದು. ಇವನ್ನು ಸೋಮಾರಿತನವೆಂದು ತಿಳಿದು ದಂಡಿಸಿದರೆ ಮಗು ಶಾಲೆಯಿಂದ ದೂರವಾಗುತ್ತದೆ. ಬರುವ ವರ್ಷ ತಾನೂ ಗದ್ದೆಯ ದಾರಿ ಹಿಡಿಯುತ್ತದೆ. ಮರಾಠಿ ಪರಿಸರದ ಬಿಡಾರದಲ್ಲಿ ಅದರ ಕನ್ನಡ ಓದು ಅಲ್ಲಿಗೇ ನಿಲ್ಲಬಹುದು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ ಎಂಬುದೂ ನಮ್ಮ ನೆನಪಿನಲ್ಲಿರಲಿ.

ನಾವು ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ಹಂಗಾಮಿಗೆ ಮುನ್ನವೇ ಪಾಲಕರನ್ನು ಕಂಡು, ಮಗು ಯಾರ ಬಳಿ ಉಳಿಯುವುದೆಂದು ಕೇಳಿ, ಅವರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳೋಣ. ಕಟಾವಿನವರು ನಸುಕಿನಿಂದಲೇ ದುಡಿಯುವವರು. ಕರೆ ಸ್ವೀಕರಿಸಲು ಬಿಡುವಿರದು. ಆದ್ದರಿಂದ ವಾರಕ್ಕೊಮ್ಮೆ ಮಗುವಿನ ಧ್ವನಿಯನ್ನು ಮುದ್ರಿಸಿ ಕಳುಹಿಸೋಣ. ತಾನು ಓದಿದ ಒಂದು ಪುಟವನ್ನು ಮಗು ಅವ್ವನಿಗೆ ಕೇಳಿಸಲಿ. ಅಕ್ಷರ ಬಾರದ ತಾಯಿಗೂ ಆ ಪತ್ರ ತಲುಪುತ್ತದೆ.

“ಅವ್ವ ನಾಳೆ ಬರುತ್ತಾಳೆ” ಎಂಬ ಸುಳ್ಳು ಸಮಾಧಾನ ಬೇಡ. ಹಂಗಾಮು ಎಂದು ಮುಗಿಯುವುದೆಂಬುದು ಕಟಾವಿನವರ ಕೈಯಲ್ಲಿಲ್ಲ. “ಕಾರ್ಖಾನೆ ನಿಂತ ಮೇಲೆ ಬರುತ್ತಾರೆ, ಅಲ್ಲಿಯವರೆಗೆ ನಾನು ದಿನಾಲೂ ಇಲ್ಲಿರುತ್ತೇನೆ” ಎಂಬ ಮಾತು ಸತ್ಯವೂ ಹೌದು, ಆಸರೆಯೂ ಹೌದು. ಮುಂಜಾನೆ ಹೆಸರು ಹಿಡಿದು ಮಾತನಾಡಿಸುವುದು, ಬಿಸಿಯೂಟದಲ್ಲಿ ಪಕ್ಕಕ್ಕೆ ಕೂರುವುದು, ದಿನವೂ ಒಂದು ಚಿಕ್ಕ ಹೊಣೆ ವಹಿಸುವುದು ಮಗುವಿನ ದಿನಕ್ಕೆ ಸ್ಥಿರತೆ ತರುತ್ತವೆ. ತಮ್ಮ-ತಂಗಿಯರ ಭಾರ ಹೊತ್ತ ಹುಡುಗಿಗೆ ಆಟದ ಗಂಟೆ ತಪ್ಪದಿರಲಿ.

“ನಿನ್ನ ಅಪ್ಪನನ್ನು ಕರೆತಂದ ಮೇಲೆಯೇ ಒಳಗೆ ಬಾ” ಎಂದು ನಾವು ಅಭ್ಯಾಸಬಲದಿಂದ ಹೇಳುವುದುಂಟು. ಅಪ್ಪ ದೂರದಲ್ಲಿರುವ ಮಗುವಿಗೆ ಅದು ಬಾಗಿಲು ಮುಚ್ಚಿದಂತೆಯೇ. ಅಜ್ಜಿ ಬಂದರೂ ಪಾಲಕರ ಸಭೆಯಲ್ಲಿ ಅವರಿಗೆ ಗೌರವದ ಸ್ಥಾನವಿರಲಿ.

ಮಗು ಊಟ ಬಿಟ್ಟರೆ, ಮಾತು ನಿಲ್ಲಿಸಿದರೆ, ಮೈಮೇಲೆ ಗಾಯ ಕಂಡರೆ ತಡಮಾಡದೆ ಮುಖ್ಯಾಧ್ಯಾಪಕರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಬೇಕು. ಅಪಾಯದ ಶಂಕೆಯಿದ್ದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು.

ತಂದೆತಾಯಿಯ ಸ್ಥಾನವನ್ನು ನಾವು ತುಂಬಲಾರೆವು. ಆದರೆ ಅವರು ಮರಳುವವರೆಗೆ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳಬಲ್ಲೆವು. ಈ ದೀಪಾವಳಿಗೆ ಮುನ್ನ ತಮ್ಮ ಹಾಜರಿ ಪುಸ್ತಕ ತೆರೆದು, ಅಂತಹ ಮಕ್ಕಳ ಹೆಸರುಗಳನ್ನು ಗುರುತಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.