ಮಡಿಲು ಬರಿದಾದ ಬಾಣಂತಿ

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಗಂಡನ ಹೊಡೆತ ಇವುಗಳ ಬಗ್ಗೆ ನಾವು ಸಂಘದಲ್ಲಿ ಬಾಯಿಬಿಟ್ಟು ಮಾತಾಡಲು ಕಲಿತಿದ್ದೇವೆ. ಹೆತ್ತ ಮಗುವನ್ನು ದತ್ತು ಕೊಟ್ಟ ತಾಯಿಯ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ. ದತ್ತು ಅಂದರೆ ಪಡೆದವರ ಸಂತೋಷ, ಮಗುವಿಗೊಂದು ಮನೆ. ಎರಡೂ ಒಳ್ಳೆಯದೇ. ಆದರೆ ಹೆತ್ತವಳು ಎಲ್ಲಿಗೆ ಹೋದಳು?

ಇದು ವರದಕ್ಷಿಣೆಯ ಮಾತೂ ಹೌದು. ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆ ತಂದಿತು. ಹೆಣ್ಣು ಕೂಸನ್ನು ಕೊಲ್ಲಬೇಡಿ, ತೊಟ್ಟಿಲಲ್ಲಿ ಬಿಟ್ಟುಹೋಗಿ ಅಂದಿತು. ಕೂಸುಗಳು ಉಳಿದವು. ಆದರೆ ಮೂರನೆಯದೂ ಹೆಣ್ಣು, ಇದಕ್ಕೂ ಚಿನ್ನ ಎಲ್ಲಿಂದ ತರೋಣ ಎಂದು ಮನೆಯವರು ಲೆಕ್ಕ ಹಾಕಿ ಕೂಸನ್ನು ಎತ್ತಿಕೊಂಡು ಹೋದಾಗ ಹಸಿ ಬಾಣಂತಿ ಮನೆಯಲ್ಲೇ ಉಳಿದಳಲ್ಲ, ಅವಳಿಗೆ ಯಾವ ತೊಟ್ಟಿಲು?

ಮದುವೆಯಾಗದೆ ಬಸುರಾದ ಹುಡುಗಿಯ ಪಾಡು ಇನ್ನೊಂದು. ದೂರದ ನೆಂಟರ ಊರಿಗೆ ಕಳಿಸುತ್ತಾರೆ, ಹೆರಿಗೆಯಾಗುತ್ತದೆ, ಸಹಿ ಹಾಕಿಸುತ್ತಾರೆ. ಏನೂ ಆಗಿಲ್ಲ ಅನ್ನುವ ಹಾಗಿರು ಅನ್ನುತ್ತಾರೆ. ಮನಸ್ಸು ಹಾಗಿರಬಹುದು ಅಂತಲೇ ಇಟ್ಟುಕೊಳ್ಳಿ, ಮೈ ಇರುತ್ತದೆಯೇ? ಹೆತ್ತ ಮೂರು ನಾಲ್ಕು ದಿನಕ್ಕೆ ಎದೆಯಲ್ಲಿ ಹಾಲು ಇಳಿಯುತ್ತದೆ. ಮಗು ಮಡಿಲಲ್ಲಿ ಇಲ್ಲ ಅನ್ನುವುದು ಹಾಲಿಗೆ ಗೊತ್ತಿಲ್ಲ. ಸೀರೆ ನೆನೆಯುವುದನ್ನು ಮುಚ್ಚಿಡಲು ಎದೆಗೆ ಬಟ್ಟೆ ಬಿಗಿದುಕೊಂಡು ಹಿತ್ತಲಲ್ಲಿ ಕೂತೆ ಎಂದು ಒಬ್ಬಾಕೆ ನನ್ನ ಹತ್ತಿರ ಹೇಳಿಕೊಂಡಿದ್ದಳು. ಸತ್ತವರಿಗಾದರೆ ಮೂರನೇ ದಿನ ಹಾಲುತುಪ್ಪ ಬಿಡುತ್ತೇವೆ, ನೆಂಟರು ಬರುತ್ತಾರೆ, ಅಳಲು ಬಿಡುತ್ತಾರೆ. ಇವಳ ಮಗು ಬದುಕಿದೆ, ಆದ್ದರಿಂದ ಅಳುವ ಹಾಗಿಲ್ಲ. ಮಗು ಹತ್ತಿರ ಇಲ್ಲ, ಆದ್ದರಿಂದ ಬಾಣಂತನವೂ ಇಲ್ಲ.

ಕಾಲ ಎಲ್ಲ ಮರೆಸುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಆಸ್ಟ್ರೇಲಿಯದಲ್ಲಿ ವಿಂಕ್ಲರ್ ಮತ್ತು ವಾನ್ ಕೆಪೆಲ್ ಎಂಬಿಬ್ಬರು ಇಂಥ ತಾಯಂದಿರ ಅಧ್ಯಯನ ಮಾಡಿ 1984ರಲ್ಲಿ ವರದಿ ಪ್ರಕಟಿಸಿದರು. ಎಷ್ಟೋ ಜನರಲ್ಲಿ ನೋವು ವರ್ಷ ಕಳೆದಂತೆ ಹೆಚ್ಚಿತ್ತು. ಹೇಳಿಕೊಳ್ಳಲು ಯಾರೂ ಇಲ್ಲದವರೇ ಹೆಚ್ಚು ನರಳಿದ್ದರು. ಆ ದೇಶದಲ್ಲಿ ಮದುವೆಯಾಗದ ತಾಯಂದಿರಿಂದ ಬಲವಂತವಾಗಿ ಮಕ್ಕಳನ್ನು ತೆಗೆದುಕೊಂಡಿದ್ದಕ್ಕೆ ಪ್ರಧಾನಿ ಜೂಲಿಯಾ ಗಿಲಾರ್ಡ್ 2013ರ ಮಾರ್ಚ್ 21ರಂದು ದೇಶದ ಪರವಾಗಿ ಕ್ಷಮೆ ಕೇಳಿದರು. ನಮ್ಮಲ್ಲಿ ಕ್ಷಮೆ ಹಾಗಿರಲಿ, ಹೇಗಿದ್ದೀಯ ಅಂತ ಕೇಳುವವರೂ ಕಮ್ಮಿ.

ಕಾನೂನನ್ನೂ ತಿಳಿದಿರಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಒಪ್ಪಿಸಬೇಕಾದ್ದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಆಸ್ಪತ್ರೆಯ ಮಂಚದ ಮೇಲಿಂದಲೇ ಯಾರ ಕೈಗೋ ಕೊಟ್ಟು ಹಣ ಪಡೆದರೆ ಅದು ಅಪರಾಧ. ಸಮಿತಿ ಮೊದಲು ಆಪ್ತಸಲಹೆ ಕೊಡಿಸಬೇಕು. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳು ಅವಕಾಶವಿದೆ. ಮದುವೆಯಾಗದ ತಾಯಿ ಒಬ್ಬಳೇ ಸಹಿ ಹಾಕಬಹುದು, ಅವಳ ಗುಟ್ಟು ಕಾಪಾಡಬೇಕು. ಗಂಡ ಹೆಂಡತಿಯ ಮಗುವಾದರೆ ಇಬ್ಬರೂ ಸಹಿ ಹಾಕಬೇಕು. ಅತ್ತೆ ಮಾವ ತೀರ್ಮಾನಿಸಿದರೆ ಸಾಲದು. ಮಗು ಒಪ್ಪಿಸಿದಳೆಂದು ತಾಯಿಯ ಮೇಲೆ ಪೊಲೀಸರು ಕೇಸು ಹಾಕುವ ಹಾಗಿಲ್ಲ. ಆ ಎರಡು ತಿಂಗಳ ವಿಷಯ ಗೊತ್ತಿಲ್ಲದೆಯೇ ಸಹಿ ಹಾಕಿ ಬಂದವರನ್ನು ನಾನು ಕಂಡಿದ್ದೇನೆ.

ಮುಂದೆ ಮದುವೆಯಾದಾಗ ಗಂಡನಿಗೆ ವಿಷಯ ಗೊತ್ತಾದರೆ ಅದೇ ಅವನ ಕೈಗೆ ಕೋಲು. ಜೀವನವಿಡೀ ಹಂಗಿಸುವುದು, ಹೊಡೆಯುವುದು, ತವರಿನಿಂದ ಹಣ ತಾ ಅನ್ನುವುದು. ಹಳೆಯ ಕಥೆ ಏನೇ ಇರಲಿ, ಇದು 2005ರ ಕಾಯ್ದೆಯಡಿ ಕೌಟುಂಬಿಕ ದೌರ್ಜನ್ಯವೇ.

ಸಂಘದಲ್ಲಿ ಒಬ್ಬಳು ಸುಮ್ಮನೆ ಕೂರುತ್ತಾಳೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬೇರೆಯವರ ತೊಟ್ಟಿಲ ಶಾಸ್ತ್ರಕ್ಕೆ ಹೋಗುವುದಿಲ್ಲ. ಗಾಳಿ ಸೋಂಕು ಅಂತ ತಾಯಿತ ಕಟ್ಟಿಸಬೇಡಿ. ಸಾಯಬೇಕು ಅನ್ನುವ ಮಾತು ಬಂದರಂತೂ ಒಬ್ಬಳನ್ನೇ ಬಿಡಬೇಡಿ, ಆಸ್ಪತ್ರೆಗೆ ಜೊತೆಗೆ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಹೆರುತ್ತೀಯ ಬಿಡು ಅನ್ನಬೇಡಿ, ಹೇಗೆ ಕರುಳು ಬಂತು ಅಂತಲೂ ಕೇಳಬೇಡಿ. ಗಂಡೋ ಹೆಣ್ಣೋ, ಬೆಳ್ಳಗಿತ್ತೋ ಕಪ್ಪಗಿತ್ತೋ, ಹೇಳಬೇಕೆನಿಸಿದರೆ ಅವಳೇ ಹೇಳುತ್ತಾಳೆ. ಹೇಳಿದ್ದನ್ನು ಕೇಳಿಸಿಕೊಳ್ಳಿ. ಸಭೆಯ ನಡಾವಳಿ ಪುಸ್ತಕದಲ್ಲಿ ಮಾತ್ರ ಅದನ್ನು ಬರೆಯಬೇಡಿ.